ಚುಕ್ಕೆ ಗುರುತಿಲ್ಲದ ಪ್ರಶ್ನೆಯ ಬಲಾಬಲ

ಸಂವಿಧಾನದ 75ನೆಯ ಅನುಚ್ಛೇದವು ಕೇಂದ್ರದ ಮಂತ್ರಿಮಂಡಲವನ್ನು ಲೋಕಸಭೆಗೂ, 164ನೆಯ ಅನುಚ್ಛೇದವು ರಾಜ್ಯದ ಮಂತ್ರಿಮಂಡಲವನ್ನು ವಿಧಾನಸಭೆಗೂ ಸಾಮೂಹಿಕವಾಗಿ ಹೊಣೆಯಾಗಿಸಿವೆ. ಆದರೆ ಆ ಹೊಣೆಯನ್ನು ದಿನನಿತ್ಯದ ಆಡಳಿತದಲ್ಲಿ ನಿಭಾಯಿಸುವ ಬಗೆಯನ್ನು ಸದನಗಳ ಕಾರ್ಯವಿಧಾನ ನಿಯಮಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ. ಅವಿಶ್ವಾಸ ನಿರ್ಣಯ ಅಪರೂಪದ್ದು, ಆಯವ್ಯಯದ ಮೇಲಿನ ಚರ್ಚೆ ವರ್ಷಕ್ಕೊಮ್ಮೆ ಬರುವಂಥದು. ಅಧಿವೇಶನದ ದಿನಗಳಲ್ಲಿ ಇಲಾಖೆಗಳನ್ನು ಸರದಿಯಂತೆ ಹೆಸರು ಹಿಡಿದು ಕರೆದು ಲೆಕ್ಕ ಕೇಳುವ ಸಾಧನವೆಂದರೆ ಪ್ರಶ್ನೆಯೊಂದೇ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಸಚಿವರು ಸದನದಲ್ಲಿ ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು ಚುಕ್ಕೆ ಗುರುತಿನ ಪ್ರಶ್ನೆ. ಲಿಖಿತ ಉತ್ತರವನ್ನು ಸದನದ ಮೇಜಿನ ಮೇಲೆ ಇರಿಸಿದರೆ ಸಾಕೆನ್ನುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಮೊದಲನೆಯದಕ್ಕೆ ಉಪಪ್ರಶ್ನೆಗಳ ಬೆಂಬಲವೂ ಪ್ರಚಾರದ ಬೆಳಕೂ ಇವೆ. ಎರಡನೆಯದು ಸದ್ದಿಲ್ಲದೆ ಕಡತ ಸೇರುವಂಥದಾದರೂ ಇಲಾಖೆಯಿಂದ ಮಾಹಿತಿಯನ್ನು ಹೊರತೆಗೆಯುವ ಕೆಲಸದ ದೊಡ್ಡ ಪಾಲು ಅದರ ಮೇಲೆಯೇ ಬಿದ್ದಿದೆ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಅವಕಾಶವಿದ್ದರೆ ಚುಕ್ಕೆ ಗುರುತಿಲ್ಲದವುಗಳಿಗೆ 230ರ ಮಿತಿಯಿದೆ. ಆ 20ರಲ್ಲೂ ಬಾಯಿಮಾತಿನ ಉತ್ತರ ಪಡೆಯುವವು ಕೆಲವೇ ಆಗಿದ್ದು, ಉಳಿದವು ಕೊನೆಗೆ ಲಿಖಿತ ಉತ್ತರಗಳ ಸಾಲಿಗೇ ಸೇರುತ್ತವೆ.

ಭಾರತದ ಶಾಸನಸಭೆಗಳಿಗೆ ಪ್ರಶ್ನೆ ಕೇಳುವ ಹಕ್ಕು ದೊರೆತದ್ದು 1892ರ ಕೌನ್ಸಿಲ್ ಕಾಯ್ದೆಯಿಂದ. ಉಪಪ್ರಶ್ನೆಯ ಹಕ್ಕು 1909ರ ಸುಧಾರಣೆಯಲ್ಲಿ ಮೂಲ ಪ್ರಶ್ನೆಯನ್ನು ಕೇಳಿದ ಸದಸ್ಯನಿಗೆ ಮಾತ್ರ ದೊರೆತು, 1919ರ ಸುಧಾರಣೆಗಳ ನಂತರ ಉಳಿದ ಸದಸ್ಯರಿಗೂ ವಿಸ್ತರಿಸಿತು. ಮೈಸೂರು ಸಂಸ್ಥಾನದ ಹಾದಿ ಇದಕ್ಕಿಂತ ಬೇರೆಯಾಗಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಆರಂಭವಾದ ಪ್ರಜಾಪ್ರತಿನಿಧಿ ಸಭೆಯು ದಸರಾ ಸಮಯದಲ್ಲಿ ಸೇರಿ ಸರ್ಕಾರದ ಮುಂದೆ ಊರಿನ ಕುಂದುಕೊರತೆಗಳನ್ನು ನಿವೇದಿಸಿಕೊಳ್ಳುತ್ತಿತ್ತು. ಅಂದರೆ ಅದು ಅಹವಾಲಿನ ಸಭೆಯಾಗಿತ್ತು. ಅಹವಾಲು ಸಲ್ಲಿಸುವವನು ಕೊಡುವವನ ದಯೆಯನ್ನು ನಿರೀಕ್ಷಿಸುತ್ತಾನೆ. ಪ್ರಶ್ನೆ ಕೇಳುವವನು ಉತ್ತರಿಸುವವನ ಬಾಧ್ಯತೆಯನ್ನು ನೆನಪಿಸುತ್ತಾನೆ. ಲಿಖಿತ ಪ್ರಶ್ನೆಗಳ ಇಂದಿನ ಬಳಕೆಯನ್ನು ಅಳೆಯಲು ಈ ಭೇದವೇ ತಕ್ಕ ಒರೆಗಲ್ಲು, ಏಕೆಂದರೆ ರೂಪದಲ್ಲಿ ಪ್ರಶ್ನೆಯಾಗಿ, ಒಳಗೆ ಅಹವಾಲಾಗಿಯೇ ಉಳಿದಿರುವ ಬರಹಗಳು ಕರ್ನಾಟಕದ ಸದನಗಳ ಕಡತಗಳಲ್ಲಿ ಹೇರಳವಾಗಿವೆ.

ಲಿಖಿತ ಪ್ರಶ್ನೆಯ ನಿಜವಾದ ಬಲವನ್ನು ತಿಳಿಯಲು ಅದು ಇಲಾಖೆಯೊಳಗೆ ಸಾಗುವ ದಾರಿಯನ್ನು ಗಮನಿಸಬೇಕು. ಸಭಾಧ್ಯಕ್ಷರು ಅಂಗೀಕರಿಸಿದ ಪ್ರಶ್ನೆಯು ಸಚಿವಾಲಯದ ಸಂಬಂಧಪಟ್ಟ ಶಾಖೆಗೆ ಬರುತ್ತದೆ. ಅಲ್ಲಿಂದ ಆಯುಕ್ತರ ಅಥವಾ ನಿರ್ದೇಶಕರ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಅಗತ್ಯವಿದ್ದರೆ ತಾಲ್ಲೂಕಿಗೆ ಇಳಿದು, ಅದೇ ಮೆಟ್ಟಿಲುಗಳನ್ನು ಹತ್ತಿ ಹಿಂದಿರುಗಿ, ಅಧೀನ ಕಾರ್ಯದರ್ಶಿಯಿಂದ ಪ್ರಧಾನ ಕಾರ್ಯದರ್ಶಿಯವರೆಗೆ ಕೈ ದಾಟಿ, ಸಚಿವರ ಸಹಿಯೊಂದಿಗೆ ಸದನ ಸೇರುತ್ತದೆ. ಕಚೇರಿಗಳಲ್ಲಿ ‘ಎಲ್‌ಎಕ್ಯೂ’, ‘ಎಲ್‌ಸಿಕ್ಯೂ’ ಎಂದು ಕರೆಯಲಾಗುವ ಈ ಕಡತಗಳಿಗೆ, ಅಂದರೆ ವಿಧಾನಸಭೆ ಮತ್ತು ವಿಧಾನಪರಿಷತ್ತಿನ ಪ್ರಶ್ನೆಗಳಿಗೆ, ದಿನಾಂಕ ನಿಗದಿಯಾಗಿರುವುದರಿಂದ ಅವನ್ನು ಇತರ ಕಡತಗಳಂತೆ ಬದಿಗಿಡಲಾಗದು. ಅದುವರೆಗೆ ಯಾರೂ ಒಟ್ಟುಗೂಡಿಸದಿದ್ದ ಅಂಕಿಗಳು ಈ ಓಡಾಟದಲ್ಲಿ ಒಂದೆಡೆ ಸೇರುತ್ತವೆ. ಒಂದು ಹಾಸ್ಟೆಲಿನ ಅಡುಗೆಯವರ ಹುದ್ದೆ ಎಷ್ಟು ಕಾಲದಿಂದ ಖಾಲಿಯಿದೆ ಎಂಬುದನ್ನು ಇಲಾಖೆ ತನಗೆ ತಾನೇ ಒಪ್ಪಿಕೊಳ್ಳಬೇಕಾಗುತ್ತದೆ. ಹೀಗೆ ಒಪ್ಪಿಕೊಂಡದ್ದು ಸಚಿವರ ಸಹಿಯಿರುವ ಸದನದ ದಾಖಲೆಯಾಗುವುದರಿಂದ ಪತ್ರಿಕಾ ಹೇಳಿಕೆಯಂತೆ ಅದನ್ನು ಮರುದಿನ ತಿರುಚಿ ಹೇಳಲು ಬರುವುದಿಲ್ಲ.

ಇಷ್ಟು ಬಲವುಳ್ಳ ಸಾಧನವು ಬಹಳ ಸಲ ಮೊಂಡಾಗುವುದು ಪ್ರಶ್ನೆಯ ಕಟ್ಟಡದಲ್ಲಿಯೇ. ಕರ್ನಾಟಕದಲ್ಲಿ ಪ್ರಶ್ನೋತ್ತರದ ಹಾಳೆಯು ಎರಡು ಅಂಕಣಗಳಲ್ಲಿರುತ್ತದೆ. ಎಡಗಡೆ ಅ, ಆ, ಇ, ಈ ಎಂದು ಭಾಗ ಮಾಡಿದ ಪ್ರಶ್ನೆ, ಬಲಗಡೆ ಅದಕ್ಕೆದುರಾಗಿ ಉತ್ತರ. ಸಂಗತಿಯೊಂದು ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಮೊದಲ ಭಾಗದಲ್ಲಿ ಕೇಳಿ, ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು’ ಎಂದು ಎರಡನೆಯದರಲ್ಲಿ ಮುಂದುವರಿಸುವುದು ರೂಢಿಯ ಮಾದರಿ. ಮೇಲ್ನೋಟಕ್ಕೆ ವಿನಯದ ಈ ಆರಂಭವೇ ಪ್ರಶ್ನೆಯ ದುರ್ಬಲ ಜಾಗ. ಮೊದಲ ಭಾಗಕ್ಕೆ ‘ಬಂದಿರುವುದಿಲ್ಲ’ ಎಂಬ ಒಂದೇ ಪದವನ್ನು ಬರೆದರೆ ಅದಕ್ಕೆ ಕೊಂಡಿ ಹಾಕಿಕೊಂಡ ಉಳಿದ ಭಾಗಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದು ಇಲಾಖೆ ಕೈತೊಳೆದುಕೊಳ್ಳಬಹುದು. ‘ಬಂದಿದೆ’ ಎಂದು ಒಪ್ಪಿದರೂ ‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಗನುಸಾರ ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು’, ‘ಕಾಲಮಿತಿ ನಿಗದಿಪಡಿಸಿರುವುದಿಲ್ಲ’ ಎಂಬ ಸಿದ್ಧ ವಾಕ್ಯಗಳು ಕಾದಿರುತ್ತವೆ. ತಮ್ಮ ಕ್ಷೇತ್ರದ ರಸ್ತೆಯನ್ನು ಯಾವಾಗ ಅಭಿವೃದ್ಧಿಪಡಿಸಲಾಗುವುದು ಎಂದು ಕೇಳುವ ಶಾಸಕರಿಗೆ ಇಂಥ ಉತ್ತರ ಬಂದಾಗ ತಪ್ಪು ಇಲಾಖೆಯದೊಂದೇ ಅಲ್ಲ. ಕೇಳಿದ್ದು ಅಹವಾಲಾಗಿತ್ತು, ಬಂದದ್ದು ಅಹವಾಲಿಗೆ ತಕ್ಕ ಸಮಾಧಾನ.

ಇದಕ್ಕೆ ಪ್ರತಿಯಾಗಿ ಷರತ್ತಿಲ್ಲದ, ಅಳತೆಯುಳ್ಳ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ. ಕಳೆದ ಮೂರು ವರ್ಷಗಳಲ್ಲಿ, ವರ್ಷವಾರು ಮತ್ತು ತಾಲ್ಲೂಕುವಾರು, ಒಂದು ಯೋಜನೆಗೆ ಹಂಚಿಕೆಯಾದ ಹಣವೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಕೇಳಿದರೆ ಇಲಾಖೆಯು ಮೂರು ಅಂಕಿಗಳನ್ನು ಕೊಡಲೇಬೇಕು. ಹಂಚಿಕೆಗೂ ಬಿಡುಗಡೆಗೂ ನಡುವಣ ಅಂತರವು ಆರ್ಥಿಕ ಇಲಾಖೆಯ ಕೈಬಿಗಿತವನ್ನೂ, ಬಿಡುಗಡೆಗೂ ಖರ್ಚಿಗೂ ನಡುವಣ ಅಂತರವು ಅನುಷ್ಠಾನದ ಸೋಲನ್ನೂ ತಾವಾಗಿಯೇ ತೋರಿಸಿಕೊಡುತ್ತವೆ. ಮಂಜೂರಾದ, ಭರ್ತಿಯಾದ, ಖಾಲಿಯಿರುವ ಹುದ್ದೆಗಳ ವಿಷಯವೂ ಹಾಗೆಯೇ. ಲೋಕಸಭೆಯ 41ನೆಯ ನಿಯಮವು ಪ್ರಶ್ನೆಯು 150 ಪದಗಳನ್ನು ಮೀರಬಾರದೆಂದೂ, ಅದರಲ್ಲಿ ವಾದ, ಊಹೆ, ವ್ಯಂಗ್ಯ, ಆರೋಪಗಳಿರಬಾರದೆಂದೂ ಹೇಳುತ್ತದೆ. ಇದನ್ನು ಸದಸ್ಯರ ಬಾಯಿಗೆ ಹಾಕಿದ ಬೀಗವೆಂದು ಬಗೆಯುವವರಿದ್ದರೂ, ವಾದವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿಯುವ ಶುಷ್ಕ ಪ್ರಶ್ನೆಯೇ ಹೆಚ್ಚು ಚುಚ್ಚುತ್ತದೆ ಎಂಬುದನ್ನು ಗಮನಿಸಿದರೆ ಈ ನಿಯಮ ಸದಸ್ಯರ ಪರವಾಗಿಯೇ ಇದೆ ಎನ್ನಬೇಕು.

ಅಳತೆಯುಳ್ಳ ಪ್ರಶ್ನೆಗೂ ಒಂದು ಮಿತಿಯಿದೆ. ಅದು ಪದದ ಅರ್ಥಕ್ಕೆ ಸಂಬಂಧಿಸಿದ್ದು. ಒಳಚರಂಡಿ ಮತ್ತು ಮಲಗುಂಡಿಗಳನ್ನು ಶುಚಿಗೊಳಿಸುವಾಗ 2020ರ ಅಂತ್ಯದವರೆಗಿನ ಐದು ವರ್ಷಗಳಲ್ಲಿ 340 ಮಂದಿ ಸತ್ತಿದ್ದಾರೆ ಎಂದು ಕೇಂದ್ರ ಸರ್ಕಾರವು 2021ರ ಫೆಬ್ರವರಿಯಲ್ಲಿ ಲೋಕಸಭೆಗೆ ತಿಳಿಸಿತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದಿಂದ ಆಯ್ಕೆಯಾಗಿದ್ದ ಮಲ್ಲಿಕಾರ್ಜುನ ಖರ್ಗೆ ಮತ್ತು ಎಲ್. ಹನುಮಂತಯ್ಯ ಅವರು ರಾಜ್ಯಸಭೆಯಲ್ಲಿ ಕೇಳಿದ ಪ್ರಶ್ನೆಗೆ, ಮಲ ಹೊರುವ ಕೆಲಸದಿಂದ ಯಾವ ಸಾವೂ ವರದಿಯಾಗಿಲ್ಲವೆಂಬ ಉತ್ತರ ಬಂದಿತು. ಎರಡು ಉತ್ತರಗಳೂ ಒಂದೇ ಸಚಿವಾಲಯದವು, ಮತ್ತು ಕಾನೂನಿನ ಅಕ್ಷರಕ್ಕೆ ಎರಡೂ ಹೊಂದುತ್ತವೆ. 2013ರ ಕಾಯ್ದೆಯು ಕೈಯಿಂದ ಮಲ ತೆಗೆಯುವ ಕೆಲಸವನ್ನೂ ಒಳಚರಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಯನ್ನೂ ಬೇರೆಬೇರೆಯಾಗಿ ವ್ಯಾಖ್ಯಾನಿಸಿರುವುದರಿಂದ, ಯಾವ ಪದವನ್ನಿಟ್ಟು ಕೇಳಲಾಯಿತು ಎಂಬುದರ ಮೇಲೆ ನೂರಾರು ಸಾವುಗಳು ಲೆಕ್ಕಕ್ಕೆ ಬಂದವು ಅಥವಾ ಲೆಕ್ಕದಿಂದ ಹೊರಗುಳಿದವು. ಜನರಾಡುವ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಇಲಾಖೆ ಕಾಯ್ದೆಯ ಮಾತಿನಲ್ಲಿ ಉತ್ತರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ಬೇಕಿಲ್ಲ.

ಅದೇ ಜುಲೈ ತಿಂಗಳಲ್ಲಿ ಆಮ್ಲಜನಕದ ಕೊರತೆಯಿಂದಾದ ಕೋವಿಡ್ ಸಾವುಗಳ ಬಗ್ಗೆ ಕೇಳಿದಾಗ, ಅಂಥ ಸಾವುಗಳನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಸಭೆಗೆ ಉತ್ತರಿಸಿತು. ಆದರೆ ಅದೇ ವರ್ಷದ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಸಂಭವಿಸಿದ 24 ರೋಗಿಗಳ ಸಾವಿನ ಹಿನ್ನೆಲೆಯಲ್ಲಿ ಕರ್ನಾಟಕ ಹೈಕೋರ್ಟ್ ರಚಿಸಿದ್ದ ಸಮಿತಿಯು ಆಮ್ಲಜನಕದ ಕೊರತೆಯೇ ಕಾರಣವೆಂದು ಆ ವೇಳೆಗಾಗಲೇ ಹೇಳಿತ್ತು. ಕೇಂದ್ರದ ಉತ್ತರವು ಸಾವುಗಳ ಬಗೆಗಾಗಿರದೆ ವರದಿಗಳ ಬಗೆಗಾಗಿತ್ತು. ಆರೋಗ್ಯವು ರಾಜ್ಯಪಟ್ಟಿಯ ವಿಷಯವಾಗಿರುವಾಗ ಸಂಸತ್ತಿನ ಪ್ರಶ್ನೆಯು ಕೇಂದ್ರಕ್ಕೆ ರಾಜ್ಯಗಳು ಕಳುಹಿಸಿದ ಕಾಗದದಷ್ಟೇ ದೂರ ನೋಡಬಲ್ಲದು. ಅದರಾಚೆಗಿನದನ್ನು ಕಾಣಲು ಅದೇ ಪ್ರಶ್ನೆಯನ್ನು ರಾಜ್ಯದ ಸದನದಲ್ಲಿಯೂ ಕೇಳಬೇಕಾಗುತ್ತದೆ.

‘ಮಾಹಿತಿ ಇಲ್ಲ’ ಎಂಬುದು ಕೂಡ ಕೆಲವೊಮ್ಮೆ ಬೆಲೆಯುಳ್ಳ ಉತ್ತರವಾಗುತ್ತದೆ. 2020ರ ಸೆಪ್ಟೆಂಬರ್ 14ರಂದು ಆರಂಭವಾದ ಸಂಸತ್ತಿನ ಅಧಿವೇಶನದಲ್ಲಿ ಸಾಂಕ್ರಾಮಿಕದ ಕಾರಣ ನೀಡಿ ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟು, ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಲಾಕ್‌ಡೌನ್ ಕಾಲದಲ್ಲಿ ಒಂದು ಕೋಟಿಗೂ ಹೆಚ್ಚು ವಲಸೆ ಕಾರ್ಮಿಕರು ತಮ್ಮ ರಾಜ್ಯಗಳಿಗೆ ಹಿಂದಿರುಗಿದರೆಂದು ಕಾರ್ಮಿಕ ಸಚಿವಾಲಯವು ಲೋಕಸಭೆಗೆ ಲೆಕ್ಕ ಕೊಟ್ಟಿತಾದರೂ, ಹಾದಿಯಲ್ಲಿ ಸತ್ತವರ ಅಂಕಿಗಳನ್ನು ಇಟ್ಟಿಲ್ಲವೆಂದೂ ಆದಕಾರಣ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲವೆಂದೂ ತಿಳಿಸಿತು. ಹಿಂದಿರುಗಿದವರನ್ನು ಎಣಿಸಿದ ಆಡಳಿತವು ಸತ್ತವರನ್ನು ಎಣಿಸಿರಲಿಲ್ಲ ಎಂಬುದು ಸರ್ಕಾರದ್ದೇ ಬರಹದಲ್ಲಿ ದಾಖಲಾದದ್ದು ಲಿಖಿತ ಪ್ರಶ್ನೆಯ ಸಾರ್ಥಕತೆ. ಆ ಬರಹವನ್ನು ಹಿಡಿದು ಏಕೆ ಎಣಿಸಲಿಲ್ಲವೆಂದು ಸಚಿವರನ್ನು ಅಲ್ಲಿಯೇ ಕೇಳುವ ಉಪಪ್ರಶ್ನೆಗೆ ಜಾಗವಿಲ್ಲದಿದ್ದುದು ಅದರ ಊನ. ಲಿಖಿತ ಉತ್ತರವು ಬಾಯಿಮಾತಿನ ಪ್ರಶ್ನೋತ್ತರಕ್ಕೆ ಬದಲಿಯಾಗಲಾರದು ಎಂಬ ಪಾಠವನ್ನು ಆ ಅಧಿವೇಶನ ಸ್ಪಷ್ಟವಾಗಿ ಕಲಿಸಿತು.

ಹೀಗಾಗಿ ಲಿಖಿತ ಉತ್ತರವನ್ನು ಮುಂದಿನ ಹೆಜ್ಜೆಗೆ ಬಂಡವಾಳವೆಂದು ಕಾಣುವ ಸದಸ್ಯನ ಕೈಯಲ್ಲಿ ಮಾತ್ರ ಅದು ಫಲ ಕೊಡುತ್ತದೆ. 1957ರ ಮುಂಧ್ರಾ ಪ್ರಕರಣ ಇದಕ್ಕೆ ಹಳೆಯ, ಆದರೂ ಮಾಸದ ನಿದರ್ಶನ. ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ತೊಡಗಿಸಿದ ಒಂದೂಕಾಲು ಕೋಟಿ ರೂಪಾಯಿಗಳಷ್ಟು ಹಣದ ವಿಷಯ ಲೋಕಸಭೆಗೆ ಬಂದದ್ದು ರಾಮ್ ಸುಭಗ್ ಸಿಂಗ್ ಅವರ ಪ್ರಶ್ನೆಯಿಂದ. ಉತ್ತರ ತೃಪ್ತಿಕರವಾಗಿರಲಿಲ್ಲವೆಂದು ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಮತ್ತೆ ಪ್ರಶ್ನೆಗಳು ಬಂದವು, ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಅವರು ಸದನದ ಚರ್ಚೆಯಲ್ಲಿ ವ್ಯವಹಾರದ ಎಳೆಗಳನ್ನು ಬಿಡಿಸಿಟ್ಟರು, ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆಯಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರು ರಾಜೀನಾಮೆಯಿತ್ತರು. ಒಂದು ಪ್ರಶ್ನೆ ಸಚಿವರನ್ನು ಕೆಳಗಿಳಿಸಲಿಲ್ಲ; ಒಂದರ ಬೆನ್ನಿಗೊಂದು ಬಂದ ಹೆಜ್ಜೆಗಳು ಇಳಿಸಿದವು.

ಇಂಥ ಹೆಜ್ಜೆಗಳಿಗೆ ನಿಯಮಗಳಲ್ಲಿಯೇ ದಾರಿಗಳಿವೆ. ಉತ್ತರದಿಂದ ಹುಟ್ಟುವ ಸಾರ್ವಜನಿಕ ಮಹತ್ವದ ವಿಷಯವನ್ನು ಅರ್ಧಗಂಟೆಯ ಚರ್ಚೆಗೆ ಎತ್ತಿಕೊಳ್ಳಬಹುದು. ಸಚಿವರ ಹೇಳಿಕೆ ತಪ್ಪೆಂದು ಕಂಡರೆ ಲೋಕಸಭಾಧ್ಯಕ್ಷರ 115ನೆಯ ನಿರ್ದೇಶನದ ಮೇರೆಗೆ ಅದನ್ನು ಎತ್ತಿತೋರಿಸಬಹುದು. ಇವುಗಳಿಗಿಂತಲೂ ಮುಖ್ಯವಾದದ್ದು ಸರ್ಕಾರಿ ಭರವಸೆಗಳ ಸಮಿತಿ. ಸಚಿವರು ‘ಪರಿಶೀಲಿಸಲಾಗುವುದು’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದು ನೀಡುವ ಮಾತುಗಳನ್ನು ಭರವಸೆಗಳೆಂದು ಪಟ್ಟಿಮಾಡಿ ಅವು ಈಡೇರಿದವೇ ಎಂದು ನೋಡುವ ಈ ಸಮಿತಿ ಲೋಕಸಭೆಯಲ್ಲಿ 1953ರಿಂದ ಇದೆ. ಭರವಸೆ ಈಡೇರಿಸಲು ಅಲ್ಲಿ ಮೂರು ತಿಂಗಳ ಗಡುವಿದೆ. ಕರ್ನಾಟಕದ ಸದನಗಳಲ್ಲಿಯೂ ಇಂಥ ಸಮಿತಿಗಳಿವೆ. ನುಣುಚಿಕೊಳ್ಳಲೆಂದು ಬರೆದ ವಾಕ್ಯವನ್ನೇ ಸಾಲಪತ್ರದಂತೆ ಹಿಡಿದು ವಸೂಲಿಗೆ ನಿಲ್ಲುವ ಈ ಏರ್ಪಾಡು ಜಾಣತನದ್ದು. ಆದರೆ ಗಡುವಿಗೆ ಮೇಲಿಂದ ಮೇಲೆ ವಿಸ್ತರಣೆ ದೊರೆಯುತ್ತದೆ, ಮೂಲ ಪ್ರಶ್ನೆ ಕೇಳಿದವರ ಅವಧಿಯೇ ಕೆಲವೊಮ್ಮೆ ಮುಗಿದಿರುತ್ತದೆ. ವರ್ಷಗಳ ಮೇಲೆ ಬರುವ ಮಾಹಿತಿಗೆ ಆಗ ಕೇಳುವವರಿರುವುದಿಲ್ಲ.

ಪ್ರಶ್ನೆಗೆ ಬೆಲೆಯಿದೆ ಎಂಬುದಕ್ಕೆ ಒಂದು ವಿಷಾದದ ಸಾಕ್ಷ್ಯವೂ ಇದೆ. ಹಣಕ್ಕಾಗಿ ಪ್ರಶ್ನೆ ಕೇಳಲು ಒಪ್ಪಿದ ಆರೋಪದ ಮೇಲೆ 2005ರ ಡಿಸೆಂಬರ್‌ನಲ್ಲಿ ಸಂಸತ್ತು ಉಭಯ ಸದನಗಳ 11 ಮಂದಿ ಸದಸ್ಯರನ್ನು ಉಚ್ಚಾಟಿಸಿತು. ಸುಪ್ರೀಂ ಕೋರ್ಟ್ 2007ರಲ್ಲಿ ಆ ಅಧಿಕಾರವನ್ನು ಎತ್ತಿಹಿಡಿಯಿತು. ಪ್ರಜೆಯ ಪರವಾಗಿ ಕೇಳುವುದೆಂಬ ಹಕ್ಕು ಪ್ರಜೆಯೊಂದಿಗಿನ ಸಂಬಂಧ ಕಡಿದುಕೊಂಡಾಗ ಮಾರಾಟದ ಸರಕಾಗುತ್ತದೆ. ಶಾಸಕ ಮತ್ತು ಪ್ರಜೆಯ ನಡುವಣ ಆ ಸಂಬಂಧವನ್ನು ಕಾನೂನು ಒಮ್ಮೆ ಸ್ಪಷ್ಟವಾಗಿ ಗುರುತಿಸಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಪ್ರಕರಣಕ್ಕೆ ಸೇರಿದ ಪರಂತುಕವು, ಅಂದರೆ ಮುಖ್ಯ ನಿಯಮಕ್ಕೆ ಮಿತಿ ಹಾಕುವ ಉಪವಾಕ್ಯವು, ಸಂಸತ್ತಿಗಾಗಲಿ ರಾಜ್ಯ ಶಾಸಕಾಂಗಕ್ಕಾಗಲಿ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದೆಂದು ಹೇಳುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯು ಆ ಪ್ರಕರಣವನ್ನು ಬದಲಿಸಿ ಪರಂತುಕವನ್ನು ಕೈಬಿಟ್ಟಿತು. ಪ್ರಜೆ ನೇರವಾಗಿ ಕೇಳಬಹುದಾಗಿದ್ದ ಬಾಗಿಲು ಕಿರಿದಾದಷ್ಟೂ ಅವನ ಪರವಾಗಿ ಶಾಸಕನು ಕೇಳುವ ಪ್ರಶ್ನೆಯ ಮೇಲಿನ ಭಾರ ಹೆಚ್ಚುತ್ತದೆ.

ಒಟ್ಟಾರೆಯಾಗಿ ತೂಗಿದರೆ, ಲಿಖಿತ ಪ್ರಶ್ನೆಯೆಂಬ ಸಾಧನದಲ್ಲಿ ಕೊರತೆಗಿಂತ ಬಲವೇ ಹೆಚ್ಚು. ಕೊರತೆಯಿರುವುದು ಅದನ್ನು ಹಿಡಿಯುವ ಕೈಗಳಲ್ಲಿ. ಕಾಯ್ದೆಯ ಪದವನ್ನು ಓದಿಕೊಂಡು, ‘ಗಮನಕ್ಕೆ ಬಂದಿದೆಯೇ’ ಎಂಬ ಮೊದಲ ಮೆಟ್ಟಿಲನ್ನು ಬಿಟ್ಟು ನೇರವಾಗಿ ಅಂಕಿಯನ್ನು ಕೇಳುವ, ಬಂದ ಉತ್ತರವನ್ನು ಹಿಂದಿನ ಅಧಿವೇಶನದ ಉತ್ತರದ ಪಕ್ಕದಲ್ಲಿಟ್ಟು ನೋಡುವ, ವ್ಯತ್ಯಾಸ ಕಂಡಲ್ಲಿ ಮತ್ತೆ ಕೇಳುವ ಸದಸ್ಯರಿದ್ದರೆ, ಇಲಾಖೆಗೆ ಸಿದ್ಧ ವಾಕ್ಯಗಳಿಂದ ಬಹುಕಾಲ ಬಚಾವಾಗಲು ಸಾಧ್ಯವಿಲ್ಲ. ಪ್ರಜಾಪ್ರತಿನಿಧಿ ಸಭೆಯ ಸದಸ್ಯರಿಗೆ ಅಹವಾಲಿನಾಚೆಗೆ ಹೋಗುವ ಅಧಿಕಾರ ತೀರ ಕಡಿಮೆಯಿತ್ತು. ಇಂದಿನ ಶಾಸಕರಿಗೆ ಆ ಅಧಿಕಾರವಿದ್ದೂ ಅಹವಾಲನ್ನೇ ಬರೆದುಕೊಟ್ಟರೆ ಅದಕ್ಕೆ ಇಲಾಖೆಯನ್ನು ದೂರಿ ಫಲವಿಲ್ಲ.