ಯಂತ್ರದ ಕುಸ್ತಿ: ಒಂದು ತ್ರುಟಿತ ದೃಶ್ಯಮುದ್ರಿಕೆಯನ್ನು ಕುರಿತು

ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ತ್ರುಟಿತ ಪ್ರತಿ ಹೊಸದೇನಲ್ಲ. ಓಲೆಯ ಅಂಚು ಮುರಿದಿರುತ್ತದೆ, ನಡುವಿನ ಹತ್ತು ಗರಿಗಳು ಇರುವುದಿಲ್ಲ, ಕೊನೆಯ ಆಶ್ವಾಸವನ್ನು ಹುಳು ತಿಂದಿರುತ್ತದೆ. ‘ಇಲ್ಲಿ ಗ್ರಂಥಪಾತವಾಗಿದೆ’ ಎಂದು ಅಡಿಯಲ್ಲಿ ಬರೆದು ನಾವು ಮುಂದೆ ಸಾಗುತ್ತೇವೆ. ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ವಸ್ತು ಓಲೆಯಲ್ಲ, ಕಾವ್ಯವೂ ಅಲ್ಲ. ಅದು ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯ ಒಂದು ಕನ್ನಡ ಮನೆಯಲ್ಲಿ ನಮಗೆ ನೋಡಸಿಕ್ಕಿದ ವಿಡಿಯೊ ಕ್ಯಾಸೆಟ್ಟು. 2008ರಲ್ಲಿ ಪುಣೆಯಲ್ಲಿ ನಡೆದ ಯಂತ್ರಮಾನವರ ಅಂತಾರಾಷ್ಟ್ರೀಯ ಸ್ಪರ್ಧೆಯನ್ನು ದೂರದರ್ಶನದಿಂದ ಮನೆಯವರು ಮುದ್ರಿಸಿಕೊಂಡದ್ದು. ಇದರ ಆರಂಭವಿಲ್ಲ, ನಡುವೆ ಎರಡು ಕಡೆ ಕಡಿದಿದೆ, ಕೊನೆಯ ಭಾಗದ ಮೇಲೆ ಬೇರೊಂದು ಕಾರ್ಯಕ್ರಮ ಮುದ್ರಿತವಾಗಿದೆ. ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡನೆಯ ಕನ್ನಡ ಅಕ್ಷರದಲ್ಲಿ ‘ಯಂತ್ರದ ಕುಸ್ತಿ’ ಎಂದಿದೆ.

ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟ ನಡೆಸುವ ‘ರೋಬೋಕಾನ್’ ಸ್ಪರ್ಧೆ 2002ರಲ್ಲಿ ಟೋಕಿಯೊದಲ್ಲಿ ಆರಂಭವಾಯಿತು. ಪ್ರತಿವರ್ಷ ಒಂದೊಂದು ದೇಶ ಇದರ ಆತಿಥ್ಯ ವಹಿಸುತ್ತದೆ; ಆಯಾ ದೇಶದ ಪ್ರಸಾರಸಂಸ್ಥೆ ಆಟದ ನಿಯಮಗಳನ್ನು ತನ್ನ ನಾಡಿನ ಒಂದು ಕಥೆಯಿಂದಲೋ ಕಟ್ಟಡದಿಂದಲೋ ಹಬ್ಬದಿಂದಲೋ ರೂಪಿಸುತ್ತದೆ. ಜಪಾನಿನವರು ಫ್ಯೂಜಿ ಪರ್ವತವನ್ನು ತಂದರು, ಕೊರಿಯದವರು ಅಗಲಿದ ಪ್ರೇಮಿಗಳ ಪುರಾಣವನ್ನು, ಚೀನದವರು ಮಹಾಗೋಡೆಯನ್ನು. 2008ರಲ್ಲಿ ಸರದಿ ಭಾರತಕ್ಕೆ ಬಂದಾಗ ದೂರದರ್ಶನ ಆರಿಸಿಕೊಂಡದ್ದು ಗೋವಿಂದನ ಬೆಣ್ಣೆಯ ಗಡಿಗೆಯನ್ನು. ಸ್ಪರ್ಧೆ ನಡೆದದ್ದು ಪುಣೆಯ ಬಾಲೇವಾಡಿಯ ಕ್ರೀಡಾಸಂಕೀರ್ಣದಲ್ಲಿ. ಮಹಾರಾಷ್ಟ್ರದ ಬೀದಿಬೀದಿಗಳಲ್ಲಿ ಮನುಷ್ಯರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಮೊಸರ ಗಡಿಗೆ ಒಡೆದ ಕೆಲವೇ ದಿನಗಳಲ್ಲಿ, ಹಲವು ದೇಶಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಯಂತ್ರಗಳು ಅದೇ ಕೆಲಸವನ್ನು ಮೂರು ನಿಮಿಷಗಳ ಅವಧಿಯಲ್ಲಿ ಮಾಡಲು ಹೆಣಗಿದವು. ಭಾರತ 2014ರಲ್ಲಿ ಮತ್ತೆ ಪುಣೆಯಲ್ಲಿ, 2022ರಲ್ಲಿ ನವದೆಹಲಿಯಲ್ಲಿ ಆತಿಥ್ಯ ವಹಿಸಿತು. ಕೊನೆಯದರ ವಸ್ತು ನಮ್ಮೆಲ್ಲರ ಬಾಲ್ಯದ ಲಗೋರಿ ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಇದು ಕುಸ್ತಿಯೆ? ನಿಯಮದ ಪ್ರಕಾರ ಅಲ್ಲ. ಎದುರಾಳಿಯ ಯಂತ್ರಕ್ಕೆ ಉದ್ದೇಶಪೂರ್ವಕವಾಗಿ ಹಾನಿ ಮಾಡುವುದು ಈ ಸ್ಪರ್ಧೆಯಲ್ಲಿ ನಿಷಿದ್ಧ. ಯಂತ್ರಗಳ ನಿಜವಾದ ಕಾಳಗದ ಪರಂಪರೆ ಬೇರೆಯದು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಕ್ ಥಾರ್ಪ್ ಎಂಬವರು ಅದನ್ನು ಸಾರ್ವಜನಿಕ ಪ್ರದರ್ಶನವನ್ನಾಗಿ ಮಾಡಿದರು. ಮನೆಯ ಕಸ ಹೀರುವ ಯಂತ್ರಕ್ಕೆ ದೂರನಿಯಂತ್ರಣ ಅಳವಡಿಸಲು ಹೋಗಿ ಅವರಿಗೆ ಈ ಕಲ್ಪನೆ ಹೊಳೆಯಿತಂತೆ. ಮಹಾಯುದ್ಧಗಳ ಮೂಲ ಅನೇಕವೇಳೆ ಇಷ್ಟೇ ಕ್ಷುಲ್ಲಕವಾಗಿರುತ್ತದೆ. 1998ರ ಫೆಬ್ರವರಿಯಿಂದ ಬಿಬಿಸಿ ‘ರೋಬೋಟ್ ವಾರ್ಸ್’ ಎಂಬ ಹೆಸರಿನಲ್ಲಿ ಅದನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿತು. ಅಲ್ಲಿ ಗರಗಸಗಳಿವೆ, ಸುತ್ತಿಗೆಗಳಿವೆ, ಬೆಂಕಿಯಿದೆ. ಸೋತ ಯಂತ್ರವನ್ನು ಮತ್ತಷ್ಟು ಜಜ್ಜಲೆಂದೇ ಆಯೋಜಕರು ಸಾಕಿದ ದೈತ್ಯಯಂತ್ರಗಳಿವೆ. ಬಾಲೇವಾಡಿಯಲ್ಲಿ ಇಂಥದೊಂದೂ ಇರಲಿಲ್ಲ. ಆದರೂ ಚೀಟಿ ಬರೆದವರು ಅದನ್ನು ಕುಸ್ತಿ ಎಂದು ಕರೆದಿದ್ದಾರೆ. ಇದನ್ನು ತಪ್ಪು ಎಂದು ತಿದ್ದುವುದು ಸುಲಭ. ಆದರೆ ಲಿಪಿಕಾರನ ತಪ್ಪು ಅನೇಕ ಸಂದರ್ಭಗಳಲ್ಲಿ ಲಿಪಿಕಾರನ ವ್ಯಾಖ್ಯಾನವೂ ಆಗಿರುತ್ತದೆ ಎಂಬುದನ್ನು ಗ್ರಂಥಸಂಪಾದಕರು ಬಲ್ಲರು. ಮುದ್ರಿಕೆಯನ್ನು ಮಾಡಿದವರು ಬೆಳಗಾವಿ ಜಿಲ್ಲೆಯಿಂದ ಉದ್ಯೋಗಕ್ಕಾಗಿ ಹೋಗಿ ನೆಲಸಿದ, ಈಗ ನಿವೃತ್ತರಾದ ಕಾರ್ಖಾನೆಯ ಕೆಲಸಗಾರರು. ಅವರು ಕೆಂಪು ಮತ್ತು ನೀಲಿ ಎಂಬ ಎರಡು ಪಕ್ಷಗಳನ್ನು ಕಂಡರು, ನಡುವೆ ಅಂಕಣವನ್ನು ಕಂಡರು, ಸೀಟಿ ಊದುವ ಪಂಚರನ್ನು ಕಂಡರು. ಗರಡಿಯ ಮಣ್ಣು ಮೆತ್ತಿಕೊಂಡ ಕಣ್ಣಿಗೆ ಅದು ಕುಸ್ತಿಯಾಗಿಯೇ ಕಾಣುವುದು ಸಹಜ. ಬೆಳಗಾವಿಗೂ ಕೊಲ್ಲಾಪುರಕ್ಕೂ ಪೈಲವಾನರು ಹೋಗಿಬಂದ ದಾರಿಯಲ್ಲೇ ಈ ಶಬ್ದವೂ ತಳೇಗಾಂವಕ್ಕೆ ಬಂದಿದೆ.

ಊರಿನ ವಿಷಯವಾಗಿ ಒಂದು ಮಾತು. ಸೇನಾಪತಿ ಖಂಡೇರಾವ್ ದಾಭಾಡೆಯ ಮನೆತನದಿಂದ ಹೆಸರು ಪಡೆದ, ಮರಾಠಿಯ ಗೋ. ನೀ. ದಾಂಡೇಕರ್ ಬಾಳಿದ ಈ ಊರಿಗೆ 2008 ಇನ್ನೊಂದು ಕಾರಣಕ್ಕೂ ಮುಖ್ಯವಾದ ವರ್ಷ. ಜನರಲ್ ಮೋಟಾರ್ಸ್ ಸಂಸ್ಥೆಯ ಕಾರು ಕಾರ್ಖಾನೆ ಇಲ್ಲಿ ತೆರೆದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅದು 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು, ಅನಂತರ ಹ್ಯುಂಡೈ ಸಂಸ್ಥೆಯ ಕೈಸೇರಿತು. ಯಂತ್ರದ ತೋಳು ಇಲ್ಲಿನವರಿಗೆ ಬರಿಯ ಟೀವಿಯ ವಿನೋದವಾಗಿರಲಿಲ್ಲ.

ಇನ್ನು ಮುದ್ರಿಕೆಯ ಸ್ವರೂಪ. ಆಯಸ್ಕಾಂತೀಯ ಪಟ್ಟಿಯನ್ನು ಓಲೆಗರಿಗೆ ಹೋಲಿಸುವುದು ವಾಡಿಕೆ. ನಾವೂ ಆರಂಭದಲ್ಲಿ ಅದನ್ನೇ ಮಾಡಿದೆವು. ಅದು ಸರಿಯಾದ ಹೋಲಿಕೆಯಲ್ಲ. ಓಲೆಯಲ್ಲಿ ಅಕ್ಷರವನ್ನು ಕಂಟದಿಂದ ಕೊರೆಯುತ್ತಾರೆ. ಕೊರೆದದ್ದನ್ನು ತೊಡೆದು ಅದೇ ಗರಿಯಲ್ಲಿ ಮತ್ತೆ ಬರೆಯಲು ಬರುವುದಿಲ್ಲ. ಗರಿ ನಾಶವಾದರೆ ಮಾತ್ರ ಅಕ್ಷರ ನಾಶ. ಕ್ಯಾಸೆಟ್ಟಿನ ನಿಜವಾದ ಪೂರ್ವಜ ನಮ್ಮ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಆ ಲೆಕ್ಕದ ಪುಸ್ತಕವನ್ನು ಒರೆಸಿ ಮತ್ತೆ ಬಳಸಬಹುದಾಗಿತ್ತು. ಮಠಗಳೂ ಅಂಗಡಿಗಳೂ ಅದನ್ನು ಮೆಚ್ಚಿದ್ದಕ್ಕೂ ಅದರಲ್ಲಿದ್ದ ಎಷ್ಟೋ ಬರಹ ಇಲ್ಲವಾದದ್ದಕ್ಕೂ ಕಾರಣ ಒಂದೇ. ಬಿಬಿಸಿ 1960ರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯ ಹಲವಾರು ಕಂತುಗಳನ್ನು ಅಳಿಸಿಹಾಕಿದ್ದು ದ್ವೇಷದಿಂದಲ್ಲ, ಪಟ್ಟಿ ದುಬಾರಿಯಾಗಿತ್ತು ಎಂಬುದರಿಂದ. ತಳೇಗಾಂವದ ಮನೆಯಲ್ಲಿ ಆದದ್ದೂ ಇದೇ: ಖಾಲಿ ಕ್ಯಾಸೆಟ್ಟು ಕೈಗೆ ಸಿಗದ ಒಂದು ಸಂಜೆ ಯಾರೋ ಮರಾಠಿ ಧಾರಾವಾಹಿಯೊಂದನ್ನು ಇದರ ಕೊನೆಯ ಮೇಲೆ ಮುದ್ರಿಸಿದರು.

ಪುಣೆಯ ಸುತ್ತಿನಲ್ಲಿ ಇಂಥ ನಷ್ಟದ ಕಥೆಗಳಿಗೆ ಕೊರತೆಯಿಲ್ಲ. ಫಾಳ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದೂ ಕೊನೆಯದೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿವೆ ಎನ್ನುತ್ತಾರೆ, ಅವು ಮೂಲದವಲ್ಲ, 1917ರಲ್ಲಿ ಮತ್ತೆ ತೆಗೆದ ಚಿತ್ರದವು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಪಾಠನಿರ್ಣಯದ ತೊಡಕು ಪಂಪ-ರನ್ನರಿಗೆ ಮಾತ್ರ ಮೀಸಲಲ್ಲವೆಂದಾಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. 1934ರಲ್ಲಿ ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಇವುಗಳ ಎದುರಿಗೆ ಒಂದು ಸ್ಪರ್ಧೆಯ ಮನೆಮುದ್ರಿಕೆ ಅಲ್ಪವಸ್ತು ಎಂದು ಓದುಗರಿಗೆ ತೋರಬಹುದು. ನಮಗೂ ಹಾಗೆಯೇ ತೋರಿತ್ತು.

ಆದರೆ ಉಳಿದ ಭಾಗ ಯಾವುದು ಎಂಬ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸಿತು. ಒಂದನೆಯ ಗುಣವರ್ಮನ ‘ಶೂದ್ರಕ’ವಾಗಲಿ ‘ಹರಿವಂಶ’ವಾಗಲಿ ನಮಗೆ ದೊರೆತಿಲ್ಲ, ದೊರೆತಿರುವುದು ಬಿಡಿ ಪದ್ಯಗಳು. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದಲ್ಲಿ ಕಾವ್ಯಗಳಿಂದ ಪದ್ಯಗಳನ್ನು ಆಯ್ದದ್ದು ವರ್ಣನೆಗಳ ಲೆಕ್ಕದಲ್ಲಿ: ಸಮುದ್ರ, ಪರ್ವತ, ಚಂದ್ರೋದಯ, ಯುದ್ಧ. ಅವನ ಉಪಕಾರ ದೊಡ್ಡದು. ಆದರೆ ಅಂಥ ಸಂಕಲನದಿಂದ ನಮಗೆ ಹೊಡೆತ ಸಿಗುತ್ತದೆ, ಹೊಡೆತದ ಹಿಂದಿನ ಕಾಯುವಿಕೆ ಸಿಗುವುದಿಲ್ಲ. ಯುದ್ಧ ಸಿಗುತ್ತದೆ, ಯುದ್ಧಕ್ಕೆ ಬಂದವನ ಅಳುಕು ಸಿಗುವುದಿಲ್ಲ. ದೂರದರ್ಶನದ ಸ್ಪರ್ಧೆಗಳನ್ನು ಸಂಕ್ಷೇಪಿಸುವವರೂ ಹೀಗೆಯೇ ಸೂಕ್ತಿಸುಧಾರ್ಣವಗಳನ್ನು ರಚಿಸುತ್ತಾರೆ. ಬ್ರಿಟನ್ನಿನ ಯಂತ್ರಕಾಳಗದಲ್ಲಿ ಜನ ನೆನೆಯುವುದು ‘ಕೇಯಾಸ್ 2’ ಎಂಬ ಯಂತ್ರ ಎದುರಾಳಿಗಳನ್ನು ಎತ್ತಿ ಗೋಡೆಯಾಚೆ ಎಸೆದ ಕ್ಷಣಗಳನ್ನು. ಕಾರ್ಯಾಗಾರದಲ್ಲಿ ರಾತ್ರಿಯಿಡೀ ಬೆಸುಗೆ ಹಾಕಿ ಬೆಳಗ್ಗೆ ಅರೆನಿಮಿಷದಲ್ಲಿ ಸೋತವರನ್ನು ಯಾರೂ ಆಯ್ದಿಡುವುದಿಲ್ಲ.

ತಳೇಗಾಂವದ ಪ್ರತಿಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಭಾಗವಿದೆ. ಒಂದು ತಂಡದ ಯಂತ್ರ ಆರಂಭದ ಸ್ಥಳದಿಂದ ಕದಲುವುದೇ ಇಲ್ಲ. ಹುಡುಗರು ಅನುಮತಿ ಪಡೆದು ಅದನ್ನು ಮತ್ತೆ ಹೂಡುತ್ತಾರೆ. ಅದು ಒಂದು ಗೇಣು ಸರಿದು ನಿಲ್ಲುತ್ತದೆ. ಮತ್ತೊಂದು ತುದಿಯಲ್ಲಿ ಎದುರಾಳಿ ತನ್ನ ಕೆಲಸ ಮಾಡುತ್ತಿದೆ. ಕ್ಯಾಮೆರಾ ಅಲ್ಲಿಗೆ ಹೋಗಿ, ಮತ್ತೆ ಇಲ್ಲಿಗೆ ಬರುತ್ತದೆ. ಮಂಡಿಯೂರಿ ಕುಳಿತ ಹುಡುಗನೊಬ್ಬ ತಂತಿಗಳ ನಡುವೆ ಬೆರಳಾಡಿಸುತ್ತಿದ್ದಾನೆ. ಮೂರು ನಿಮಿಷಗಳು ಎಷ್ಟು ದೀರ್ಘವೆಂಬುದು ಈ ಭಾಗವನ್ನು ನೋಡಿದವರಿಗೇ ತಿಳಿಯುತ್ತದೆ. ಗದಾಯುದ್ಧವನ್ನು ಓದಿದವರಿಗೆ ಇಲ್ಲಿ ವೈಶಂಪಾಯನ ಸರೋವರ ನೆನಪಾಗದೆ ಇರದು. ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಹೆಸರಿಟ್ಟ. ಆದರೂ ಕಾವ್ಯದ ಕಾಲವನ್ನೆಲ್ಲ ಸೋಲುವವನಿಗೆ ಕೊಟ್ಟ: ದುರ್ಯೋಧನ ರಣರಂಗದಲ್ಲಿ ನಡೆಯುತ್ತಾನೆ, ಸತ್ತವರನ್ನು ಒಬ್ಬೊಬ್ಬರಾಗಿ ಕಾಣುತ್ತಾನೆ, ಕೊಳದೊಳಗೆ ಅಡಗುತ್ತಾನೆ. ಗದೆಗಳು ತಾಗುವುದು ಎಷ್ಟೋ ಹೊತ್ತಿನ ಮೇಲೆ. ಕಾವ್ಯದ ಹೆಸರು ಗೆದ್ದವನದು, ಕಾಲ ಸೋತವನದು. ಆ ಕಾವ್ಯ ಇಡಿಯಾಗಿ ಉಳಿಯದೆ ಸಂಕಲನದ ಯುದ್ಧವರ್ಣನೆಗಳಷ್ಟೇ ಉಳಿದಿದ್ದರೆ ರನ್ನನನ್ನು ನಾವು ಭೀಮಪಕ್ಷಪಾತಿ ಎಂದೇ ಬಗೆಯುತ್ತಿದ್ದೆವು.

ಇಷ್ಟನ್ನು ನಾವು ಉತ್ಸಾಹದಿಂದ ಟಿಪ್ಪಣಿ ಮಾಡಿಕೊಂಡು, ಮುದ್ರಿಕೆ ಮಾಡಿದವರನ್ನು ಕೇಳಿದೆವು. ಯಂತ್ರ ಕೆಟ್ಟು ನಿಂತಾಗಲೂ ಜಾಹೀರಾತು ಬಂದಾಗಲೂ ಪಟ್ಟಿ ಉಳಿಸಲೆಂದು ಅವರು ಮುದ್ರಣ ನಿಲ್ಲಿಸುತ್ತಿದ್ದರು. ನಡುವಿನ ಎರಡು ಕಡಿತಗಳ ಕಾರಣ ಅದು. ಹಾಗಾದರೆ ಈ ಒಂದು ಸೋಲನ್ನು ಮಾತ್ರ ಪೂರ್ತಿಯಾಗಿ ಉಳಿಸಿದ್ದೇಕೆ? ಸೋತವನ ಮೇಲಿನ ಕರುಣೆಯೇ? ಅವರು ನಕ್ಕರು. ಎಂಜಿನಿಯರಿಂಗ್ ಓದುತ್ತಿದ್ದ ಅವರ ಮಗ ಅಂದು ಪ್ರೇಕ್ಷಕರ ಸಾಲಿನಲ್ಲಿದ್ದ. ಅಂಕಣದಲ್ಲಿ ಏನೂ ನಡೆಯದಿದ್ದಾಗ ಕ್ಯಾಮೆರಾ ಜನರ ಕಡೆ ತಿರುಗುತ್ತದೆ ಎಂಬುದನ್ನು ಅವರು ಅಷ್ಟು ಹೊತ್ತಿಗೆ ಕಂಡುಕೊಂಡಿದ್ದರು. ಮಗನ ಮುಖ ಕಂಡೀತೆಂದು ಅವರು ಗುಂಡಿ ಒತ್ತದೆ ಕುಳಿತರು.

ನಮ್ಮ ವ್ಯಾಖ್ಯಾನ ಅಲ್ಲಿಗೆ ಕುಸಿಯಿತೆಂದು ಒಪ್ಪಿಕೊಳ್ಳಬೇಕು. ಆದರೂ ಅದು ಪೂರ್ತಿಯಾಗಿ ಕುಸಿಯಿತೆಂದು ನಾವು ಭಾವಿಸುವುದಿಲ್ಲ. ಲಿಪಿಕಾರನ ಉದ್ದೇಶ ಬೇರೆ, ಪ್ರತಿಯ ಸಾಕ್ಷ್ಯ ಬೇರೆ. ಪುಣ್ಯಕ್ಕಾಗಿ ಶಾಸ್ತ್ರದಾನ ಮಾಡಿದ ಅತ್ತಿಮಬ್ಬೆ ಪಾಠಸಂಶೋಧಕರಿಗಾಗಿ ‘ಶಾಂತಿಪುರಾಣ’ದ ಪ್ರತಿಗಳನ್ನು ಬರೆಸಲಿಲ್ಲ. ಮಗನನ್ನು ಹುಡುಕುತ್ತಿದ್ದ ತಂದೆಯಿಂದಾಗಿ ಹೆಸರಿಲ್ಲದ ತಂಡವೊಂದರ ಮೂರು ನಿಮಿಷಗಳು ಉಳಿದಿವೆ.

ಕಳೆದುಹೋದ ಭಾಗದ ಬಗೆಗೂ ಇಲ್ಲಿ ಮತ್ತೆ ಯೋಚಿಸಬೇಕಾಗುತ್ತದೆ. ಧಾರಾವಾಹಿಯ ಅಡಿಯಲ್ಲಿ ಅಳಿದದ್ದು ಅಂತಿಮ ಪಂದ್ಯ. ಸಂಶೋಧಕರ ದೃಷ್ಟಿಯಲ್ಲಿ ಇದು ನಷ್ಟವೇ ಅಲ್ಲ: ಚೀನದ ಷಿಯಾನ್ ಜಿಯಾವೊತೊಂಗ್ ವಿಶ್ವವಿದ್ಯಾಲಯ ಗೆದ್ದಿತೆಂಬುದು ಲೋಕವಿದಿತ, ಹಿಂದಿನ ವರ್ಷ ಹನೋಯ್‌ನಲ್ಲಿ ಗೆದ್ದದ್ದೂ ಅದೇ. ಆದರೆ ತಂದೆಯ ನೆನಪಿನಂತೆ, ಬಹುಮಾನ ವಿತರಣೆಗೆ ಮೊದಲು ಜನ ಎದ್ದು ನಿಂತಾಗ, ಎಡಗಡೆಯ ಸಾಲಿನಲ್ಲಿ, ಬಿಳಿಯ ಅಂಗಿಯಲ್ಲಿ ಮಗ ಕಾಣಿಸಿದ್ದ. ಎರಡು ಕ್ಷಣವಿರಬಹುದು. ಆ ಎರಡು ಕ್ಷಣಗಳು ಪಟ್ಟಿಯ ಅಳಿದ ಭಾಗದಲ್ಲಿದ್ದವು. ಮಗ ಈಗ ಹೊರದೇಶದಲ್ಲಿದ್ದಾನೆ, ಅವನ ಛಾಯಾಚಿತ್ರಗಳು ಗೋಡೆಯ ತುಂಬ ಇವೆ. ಆದರೂ ಟೀವಿಯಲ್ಲಿ ಬಂದದ್ದು ಅದೊಂದೇ ಸಲ. ಗೆದ್ದವರ ಹೆಸರು ಉಳಿಯುವುದಕ್ಕೆ ಪ್ರತಿಯೇ ಬೇಕಿಲ್ಲ. ಈ ಮುಖಕ್ಕೆ ಬೇರೆ ಆಕರವಿರಲಿಲ್ಲ.

ಹೊರನಾಡುಗಳಲ್ಲಿ ಕನ್ನಡದ ಆಕರಗಳನ್ನು ಹುಡುಕುವ ನಮ್ಮ ಓದುಗರಿಗೆ ಒಂದು ವಿನಂತಿ. ನಾವು ಮನೆಗಳಿಗೆ ಹೋಗಿ ಓಲೆಗಳಿವೆಯೆ, ಬಖೈರುಗಳಿವೆಯೆ ಎಂದು ಕೇಳುತ್ತೇವೆ. ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಕೇಳುವುದಿಲ್ಲ. ಪಟ್ಟಿಗೆ ಬೂಷ್ಟು ಹಿಡಿಯಲು ಸಹ್ಯಾದ್ರಿಯ ಮಗ್ಗುಲಿನ ಕೆಲವು ಮಳೆಗಾಲಗಳೇ ಸಾಕು, ಅದನ್ನು ಓಡಿಸುವ ಯಂತ್ರವೂ ಈಗ ತಯಾರಾಗುತ್ತಿಲ್ಲ. ಈ ಪ್ರತಿಯನ್ನು ನೋಡಲು ನಾವು ಮೂರು ಊರುಗಳಲ್ಲಿ ವಿಚಾರಿಸಿ ಒಂದು ಹಳೆಯ ಯಂತ್ರವನ್ನು ಎರವಲು ತರಬೇಕಾಯಿತು. ಕೆಳಗೆ ಬಿದ್ದ ಗರಿಯನ್ನು ಕಣ್ಣಿನಿಂದಾದರೂ ಓದಬಹುದು. ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡರೆ ಓದಲಾಗುವುದು ಚೀಟಿಯನ್ನು ಮಾತ್ರ.

ಅದರ ಅಂಕೀಯ ನಕಲನ್ನು ಮಾಡಿಕೊಂಡಿದ್ದೇವೆ. ಸೂಚಿಯಲ್ಲಿ ಶೀರ್ಷಿಕೆಯನ್ನು ಸ್ಪರ್ಧೆಯ ಅಧಿಕೃತ ಹೆಸರಿನಿಂದ ಕೊಡಬೇಕೆಂದು ಸಹೋದ್ಯೋಗಿಗಳು ಸೂಚಿಸಿದರು. ಪ್ರತಿಯ ಮೇಲಿರುವುದನ್ನೇ ಕೊಡಬೇಕೆಂಬ ಹಳೆಯ ನಿಯಮವನ್ನು ಅನುಸರಿಸಿ ‘ಯಂತ್ರದ ಕುಸ್ತಿ’ ಎಂದೇ ಬರೆದಿದ್ದೇವೆ. ಧಾರಾವಾಹಿಯ ಭಾಗವನ್ನೂ ಕತ್ತರಿಸಿಲ್ಲ. ಅದು ಆರಂಭವಾಗುವ ಕಡೆ ಚಿತ್ರ ನಡುಗಿ ಅಡ್ಡಗೆರೆಗಳು ಹಾಯುತ್ತವೆ. ಅರೆಕ್ಷಣ ಎರಡೂ ಚಿತ್ರಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತದೆ. ನಕಲು ತೋರಿಸಲು ಹೋದ ದಿನ ಆ ಹಿರಿಯರು ಆ ಜಾಗವನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದರು.