ಕಳಸದ ಜಾಗ ಖಾಲಿಯಿರಲಿ

ನಮ್ಮಜ್ಜಿ ಧಾರವಾಡದವಳು. ಕೆಜಿಎಫ್ ಗಣಿಯ ನೌಕರನನ್ನು ಮದುವೆಯಾಗಿ ಇತ್ತ ಬಂದಾಗ, ತಾನೇ ಕಸೂತಿ ಹಾಕಿದ ಚಂದ್ರಕಾಳಿ ಸೀರೆಯನ್ನು ತಂದಿದ್ದಳು. ಕಪ್ಪು ರೇಷ್ಮೆಯ ಮೇಲೆ ಗೋಪುರ, ತುಳಸಿಕಟ್ಟೆ, ಆನೆ. 2001ರಲ್ಲಿ ಗಣಿ ಮುಚ್ಚಿ, ಮನೆ ಬಂಗಾರಪೇಟೆಗೆ ಬದಲಾದಾಗ ಅದರ ಸೆರಗನ್ನು ಕತ್ತರಿಸಿ ಚೌಕಟ್ಟು ಹಾಕಿಸಿದರು. ಚೌಕಟ್ಟಿನವರು ಅದನ್ನು ಹಾರ್ಡ್‌ಬೋರ್ಡಿಗೆ ಗೋಂದಿನಿಂದ ಅಂಟಿಸಿಬಿಟ್ಟರು. ಈಗ ಬಟ್ಟೆ ಸೀಳಿದೆ, ಗೋಪುರದ ಕಳಸ ಉದುರಿದೆ. ಕಳಸವನ್ನು ಮತ್ತೆ ಹೊಲಿಸಿ ಹೊಸದರಂತೆ ಮಾಡಿಸೋಣ ಎನ್ನುತ್ತಾರೆ ಮನೆಯವರು. ನನ್ನ ತಕರಾರು ಇರುವುದು ಈ 'ಹೊಸದರಂತೆ' ಎಂಬ ಮಾತಿನ ಬಗ್ಗೆ.

ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಈ ಕಲೆಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂತಿ, ಮುರ್ಗಿಗಳಲ್ಲಿ ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಅಂದರೆ ಅಂಟಿಸಿದ ದಿನವೇ ಅಜ್ಜಿಯ ಅರ್ಧ ಕೆಲಸ ಗೋಂದಿನಡಿ ಹೂತುಹೋಯಿತು. ಕಸೂತಿಯನ್ನು ಬರೀ ಚಿತ್ರವೆಂದು ನೋಡಿದ್ದರ ಫಲವಿದು.

ರೇಷ್ಮೆ ಪ್ರೋಟೀನಿನ ನೂಲು. ಬೆಳಕು ಅದನ್ನು ಒಳಗಿನಿಂದಲೇ ಒಡೆಯುತ್ತದೆ. ಹಳೆಯ ಕಪ್ಪು ಬಣ್ಣದಲ್ಲಿ ಕಬ್ಬಿಣದ ಅಂಶವಿದ್ದರೆ ಇನ್ನೂ ಬೇಗ. ಹೋದ ಬಲ ಮರಳುವುದಿಲ್ಲ. ಹಾಗಾಗಿ ಸಂರಕ್ಷಕರು ಆಸರೆಯನ್ನಷ್ಟೇ ಕೊಡುತ್ತಾರೆ. ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸದೆ ನೀರು ತಾಗಿಸುವುದಿಲ್ಲ. ಅಡಿಗೆ ಹೊಂದುವ ಬಣ್ಣದ ಬಟ್ಟೆಯಿಟ್ಟು, ತೀರಾ ಸಣ್ಣ ರೇಷ್ಮೆ ಎಳೆಯಿಂದ ಸೀಳನ್ನು ಕೂರಿಸುತ್ತಾರೆ. ಆಮ್ಲರಹಿತ ಹಲಗೆಗೆ ಹೊದಿಸಿದ ಹತ್ತಿಬಟ್ಟೆಗೆ ಅದನ್ನು ಹೊಲಿದು, ಗಾಜು ತಾಗದಂತೆ ಅಂತರ ಬಿಡುತ್ತಾರೆ. ಪ್ರದರ್ಶನಕ್ಕೆ ಸುಮಾರು 50 ಲಕ್ಸ್ ಬೆಳಕು ಸಾಕು. ಮುಖ್ಯವಾಗಿ, ಆ ಆಸರೆಯ ಹೊಲಿಗೆಯನ್ನು ನಾಳೆ ಇನ್ನೊಬ್ಬರು ಬಿಚ್ಚಬಹುದು.

ಗ್ರಂಥ ಸಂಪಾದನೆ ಓದುವ ನಮಗೆ ಈ ನೀತಿ ಹೊಸದಲ್ಲ. ಓಲೆಗರಿ ಮುರಿದ ಕಡೆ ಸಂಪಾದಕ ತನ್ನ ಊಹೆಯನ್ನು ಕಂಸದಲ್ಲಿಡುತ್ತಾನೆ, ಇಲ್ಲವೇ ಚುಕ್ಕಿಗಳನ್ನು ಬಿಡುತ್ತಾನೆ. ಗುರುತು ಸಿಗದಂತೆ ಹೊಲಿದ ಕಳಸವೆಂದರೆ ಕಂಸವಿಲ್ಲದ ಊಹೆ. ಮುಂದಿನವರು ಅದನ್ನೂ ಅಜ್ಜಿಯದೇ ಎಂದು ಓದುತ್ತಾರೆ.

"ಅವಳೇ ಇದ್ದಿದ್ದರೆ ಹೊಲಿದುಬಿಡುತ್ತಿದ್ದಳು" ಎಂದಳು ಅಮ್ಮ. ಈ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉಡುವ ಸೀರೆಗೆ ತೇಪೆ ಸಹಜ. ಅದು ಬದುಕಿನ ಭಾಗ. ಆದರೆ ಅವಳಿಲ್ಲದ ಮನೆಯಲ್ಲಿ ಆ ಸೆರಗು ಅವಳ ಕೈಬರಹ. ಅದನ್ನು ತಿದ್ದುವ ಹಕ್ಕು ಅವಳಿಗಿತ್ತು, ನಮಗಿಲ್ಲ.

ಗೋಂದು ಬಿಡಿಸುವುದು ಬಲ್ಲವರ ಕೆಲಸ. ಸದ್ಯಕ್ಕೆ ಚೌಕಟ್ಟನ್ನು ಕಿಟಕಿಯೆದುರಿನ ಗೋಡೆಯಿಂದ ಇಳಿಸಿ, ಬಿಸಿಲು ಬಾರದ ಕೋಣೆಯಲ್ಲಿ ಅಂಗಾತ ಇಟ್ಟಿದ್ದೇನೆ. ಗೋಡೆಯ ಮೇಲೆ ಚೌಕಟ್ಟಿನ ಗುರುತು ಉಳಿದಿದೆ. ಅಮ್ಮ ಅಲ್ಲಿ ಇನ್ನೂ ಏನನ್ನೂ ತೂಗುಹಾಕಿಲ್ಲ.