ರೆಕ್ಕೆಯ ಲೆಕ್ಕ ಬಿಟ್ಟ ‘ಸ್ಕೈ ಫೋರ್ಸ್’

2025ರ ಜನವರಿ 24ರಂದು ತೆರೆಕಂಡ ಹಿಂದಿಯ ‘ಸ್ಕೈ ಫೋರ್ಸ್’ಗೆ ಶಿವಮೊಗ್ಗದಲ್ಲಿ ನಾವು ಟಿಕೆಟ್ ತೆಗೆದದ್ದು ಅಕ್ಷಯ್ ಕುಮಾರ್‌ಗಾಗಿ ಅಲ್ಲ. ಇದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಎಂದು ಕೇಳಿದ್ದೆವು. ತೆರೆಯ ಮೇಲೆ ದೇವಯ್ಯ ಎಂಬ ಪಾತ್ರವೇ ಇಲ್ಲ. ಇರುವುದು ಟಿ. ಕೃಷ್ಣ ವಿಜಯ, ಅಡ್ಡಹೆಸರು ಟ್ಯಾಬಿ. ಪಾತ್ರಗಳ ಹೆಸರು ಬದಲಿಸುವುದು ಸಿನಿಮಾದವರಿಗೆ ಹೊಸದಲ್ಲ, ಕಾನೂನಿನ ತೊಡಕೂ ಇರಬಹುದು. ಆದರೆ ಈ ಮನುಷ್ಯ ಏನು ಮಾಡಿದ ಎಂಬುದೇ ಲೋಕಕ್ಕೆ ಹದಿನಾಲ್ಕು ವರ್ಷ ಗೊತ್ತಿರಲಿಲ್ಲ. ಕೊನೆಗೂ ಹೊರಬಂದ ಹೆಸರನ್ನು ಮತ್ತೆ ಮುಚ್ಚಿಟ್ಟರೆ ಅದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಡೆದದ್ದು ಇಷ್ಟು. ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿನಲ್ಲಿ, 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ತಂಡದ ಹನ್ನೆರಡರಲ್ಲಿ ಒಬ್ಬರಲ್ಲ, ಕಾಯ್ದಿರಿಸಿದ ಪೈಲಟ್. ಒಂದು ವಿಮಾನ ಹಿಂದೆ ಸರಿದಾಗ ಅವರು ಆ ಜಾಗ ತುಂಬಿದರು. ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಗುಂಡಿನೇಟು ತಿಂದ ಮಿಸ್ಟೇರ್‌ನಲ್ಲೇ ದೇವಯ್ಯ ತಿರುಗಿ ಬಿದ್ದರು, ಸ್ಟಾರ್‌ಫೈಟರ್ ಅನ್ನು ಹೊಡೆದರು. ಅಮ್ಜದ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ನಿರ್ದೇಶಕರಾದ ಅಭಿಷೇಕ್ ಅನಿಲ್ ಕಪೂರ್ ಮತ್ತು ಸಂದೀಪ್ ಕೇವ್ಲಾನಿ ಈ ಪೈಲಟ್ಟನ್ನು ಹೇಳಿದ ಮಾತು ಕೇಳದ ಬಿಸಿರಕ್ತದ ಹುಡುಗನನ್ನಾಗಿ ಮಾಡಿದ್ದಾರೆ. ವೀರ್ ಪಹಾರಿಯಾ ಆ ಚೌಕಟ್ಟಿನೊಳಗೆ ಚುರುಕಾಗಿಯೇ ನಟಿಸಿದ್ದಾರೆ. ಆದರೆ ಚೌಕಟ್ಟೇ ತಪ್ಪು. 1932ರ ಡಿಸೆಂಬರಿನಲ್ಲಿ ಹುಟ್ಟಿದ ದೇವಯ್ಯನವರಿಗೆ ಆಗ ಮೂವತ್ತೆರಡು ವರ್ಷ. 1954ರಿಂದ ಹಾರುತ್ತಿದ್ದವರು, ಯುದ್ಧ ಶುರುವಾದಾಗ ಬೇರೆಯವರಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಮೇಷ್ಟ್ರನ್ನು ತುಂಟ ವಿದ್ಯಾರ್ಥಿ ಮಾಡಿದ ಮೇಲೆ ಅವರ ಕೊನೆಯ ಕೆಲವು ನಿಮಿಷಗಳು ಬರಿಯ ಹುಂಬತನವಾಗಿ ಕಾಣುತ್ತವೆ. ನಿಜದಲ್ಲಿ ಅಲ್ಲಿ ಹುಂಬತನದಿಂದ ಸೋಲಿಸಲಾಗದ ಯಂತ್ರವೊಂದಿತ್ತು.

ನನ್ನ ಜೊತೆ ಬಂದಿದ್ದ ಸೋದರಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಯಂತ್ರ ಕಂಡರೆ ಅದರ ಕೀಲು ಎಲ್ಲಿದೆ ಎಂದು ನೋಡುವವರು. ಸ್ಟಾರ್‌ಫೈಟರ್ ತೆರೆಗೆ ಬಂದದ್ದೇ ತಡ, ನನ್ನ ಕಿವಿಯ ಹತ್ತಿರ ಬಾಗಿ, “ಅಲ್ಲಪ್ಪಾ, ಇಷ್ಟು ಮೋಟು ರೆಕ್ಕೆ ಇಟ್ಕೊಂಡು ಇದು ತಿರುಗೋದು ಹ್ಯಾಗೆ?” ಎಂದರು. ಇಡೀ ಸಿನಿಮಾ ಕೇಳಬೇಕಿದ್ದ ಪ್ರಶ್ನೆ ಅದು. ನಮ್ಮ ಸೋಗಾನೆಯ ನಿಲ್ದಾಣಕ್ಕೆ ಬೆಂಗಳೂರಿಂದ ಬಂದಿಳಿಯುವ ಎಟಿಆರ್ ವಿಮಾನವನ್ನು ಭದ್ರಾವತಿ ರಸ್ತೆಯಲ್ಲಿ ಓಡಾಡುವವರು ನೋಡಿಯೇ ಇರುತ್ತಾರೆ: ಈ ತುದಿಯಿಂದ ಆ ತುದಿಗೆ ಸುಮಾರು 27 ಮೀಟರ್ ರೆಕ್ಕೆ. ಸ್ಟಾರ್‌ಫೈಟರ್ ಮೂಗಿನಿಂದ ಬಾಲದವರೆಗೆ ಹದಿನಾರು ಮೀಟರಿಗೂ ಉದ್ದ, ರೆಕ್ಕೆ ಮಾತ್ರ ಏಳು ಮೀಟರೂ ಇಲ್ಲ. ಶಬ್ದದ ಎರಡು ಪಟ್ಟು ವೇಗದಲ್ಲಿ ನೇರ ನುಗ್ಗುವುದಕ್ಕೆಂದೇ ಅದನ್ನು ಹಾಗೆ ಮಾಡಿದ್ದು. ಆದರೆ ತಿರುವಿನಲ್ಲಿ ವಿಮಾನದ ಭಾರವನ್ನೆಲ್ಲ ಹೊರುವುದು ರೆಕ್ಕೆ. ರೆಕ್ಕೆ ಕಿರಿದಾದಷ್ಟೂ ತಿರುವು ಹಿರಿದಾಗುತ್ತದೆ.

ಫ್ರಾನ್ಸಿನ ಮಿಸ್ಟೇರ್ ಇದಕ್ಕೆ ತದ್ವಿರುದ್ಧ. ಸಮತಲ ಹಾರಾಟದಲ್ಲಿ ಶಬ್ದದ ವೇಗ ದಾಟದು, ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅದಕ್ಕಿದ್ದದ್ದು ಹನ್ನೊಂದು ಮೀಟರ್ ರೆಕ್ಕೆ ಮತ್ತು 30 ಮಿಲಿಮೀಟರಿನ ಎರಡು ಫಿರಂಗಿ. ಹೊಡೆದು ಮೇಲೇರಿ ಮತ್ತೆ ಎರಗುವುದು ಸ್ಟಾರ್‌ಫೈಟರ್‌ಗೆ ಒಗ್ಗುವ ಕಾಳಗ. ನೆಲಕ್ಕೆ ಹತ್ತಿರದಲ್ಲಿ, ವೇಗ ಇಳಿಸಿ, ಸುತ್ತು ಹಾಕುತ್ತ ಕಾದುವುದು ಮಿಸ್ಟೇರ್‌ನ ಕಾಳಗ. ಅಂದು ನಡೆದದ್ದು ಈ ಎರಡನೆಯದು. ಪೆಟ್ಟು ಬಿದ್ದ ವಿಮಾನದಲ್ಲಿ ಕೂತು ಎದುರಾಳಿಯನ್ನು ತನ್ನ ಅಂಗಳಕ್ಕೆ ಎಳೆದು ತಂದ ಮನುಷ್ಯ ಪಾಠವನ್ನು ಕಲಿತವನಷ್ಟೇ ಅಲ್ಲ, ಕಲಿಸಿದವನು ಎಂದು ನಾನು ನಂಬುತ್ತೇನೆ. ಸಿನಿಮಾದ ಆಕಾಶದ ದೃಶ್ಯಗಳು ಕಣ್ಣು ತುಂಬುವಂತಿವೆ, ಅದನ್ನು ಮನಸಾರೆ ಹೊಗಳುತ್ತೇನೆ. ಆದರೆ ಅಲ್ಲಿ ಕಾಣುವುದು ಬೆಂಕಿ, ಮೋಡ, ಪೈಲಟ್ಟಿನ ಬೆವರು. ಗೆಲುವು ಎಲ್ಲಿಂದ ಬಂತು ಎಂಬುದು ಕಾಣುವುದಿಲ್ಲ. ನಿಧಾನದ ವಿಮಾನ ನಿಧಾನವನ್ನೇ ಆಯುಧ ಮಾಡಿಕೊಂಡ ಬಗೆಯನ್ನು ಒಂದೇ ಒಂದು ನಿಮಿಷ ಬಿಡಿಸಿ ತೋರಿಸಿದ್ದರೆ ಹಾಲಿನಲ್ಲಿದ್ದ ಹೈಸ್ಕೂಲ್ ಹುಡುಗರು ಶಿಳ್ಳೆ ಹೊಡೆಯುವುದಕ್ಕೆ ಇನ್ನೂ ಗಟ್ಟಿ ಕಾರಣ ಸಿಗುತ್ತಿತ್ತು.

ಪಾಕಿಸ್ತಾನದ ಪೈಲಟ್‌ನನ್ನು ಶರದ್ ಕೇಳ್ಕರ್ ಘನತೆಯಿಂದ ನಿಭಾಯಿಸಿದ್ದಾರೆ. ಅಂಥ ಒಬ್ಬ ವೈರಿಯನ್ನು ಖಳನಾಗಿಸದೆ ಬಿಟ್ಟದ್ದು ಈ ಸಿನಿಮಾದ ದೊಡ್ಡ ಗುಣ. ಸತ್ಯ ಹೊರಬಂದದ್ದೂ ಆ ಕಡೆಯಿಂದಲೇ ತಾನೆ? 1979ರಲ್ಲಿ ಬ್ರಿಟನ್ನಿನ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ, ಅಮ್ಜದ್‌ರ ಸ್ಟಾರ್‌ಫೈಟರ್ ಉರುಳಿದ್ದು ಮಿಸ್ಟೇರ್ ಒಂದರ ಹೊಡೆತಕ್ಕೆ ಎಂಬ ಸಂಗತಿ ಬಂತು. ಭಾರತದಲ್ಲಿ ಅಂಥ ಗೆಲುವನ್ನು ಯಾರೂ ಹೇಳಿಕೊಂಡಿರಲಿಲ್ಲ. ಮರಳಿ ಬಂದವರಲ್ಲಿ ಯಾರೂ ಅಲ್ಲ ಎಂದ ಮೇಲೆ ಉಳಿದದ್ದು ಬಾರದ ಒಬ್ಬರ ಹೆಸರು. ತನೇಜಾ ಬೆನ್ನು ಹತ್ತಿದರು, ಕಡತ ಕದಲಿತು, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಯುದ್ಧ ಮುಗಿದು ಇಪ್ಪತ್ತಮೂರು ವರ್ಷವಾಗಿತ್ತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು.

ಚಿತ್ರದ ಉತ್ತರಾರ್ಧ ಈ ಹುಡುಕಾಟದ್ದೇ. ಆದರೆ ಅದು ಅಹುಜಾ ಎಂಬ ಅಧಿಕಾರಿಯ ಒಂಟಿ ಹಟವಾಗಿಬಿಟ್ಟಿದೆ. ಅಕ್ಷಯ್ ಕುಮಾರ್ ಇಲ್ಲಿ ಎಂದಿಗಿಂತ ಸಂಯಮದಿಂದ ಇದ್ದರೂ, ಕಥೆಯ ತೂಕವೆಲ್ಲ ಅವರ ಹೆಗಲಿಗೆ ಬಿದ್ದು ಟ್ಯಾಬಿಯ ಹೆಂಡತಿಯ ಪಾಲಿಗೆ ಕಣ್ಣೀರು ಬಿಟ್ಟು ಹೆಚ್ಚೇನೂ ಉಳಿದಿಲ್ಲ. ಸಾರಾ ಅಲಿ ಖಾನ್‌ರ ಗೀತಾ ಕಾಯುತ್ತಾಳೆ, ಅಳುತ್ತಾಳೆ, ಅಷ್ಟೆ. ಗಂಡ ಸತ್ತನೋ ಸೆರೆಯಾದನೋ ತಿಳಿಯದೆ ಮಕ್ಕಳನ್ನು ಬೆಳೆಸುವ ಹೆಂಗಸಿನ ದಿನ ಹೇಗೆ ಸಾಗುತ್ತದೆ, ಪಿಂಚಣಿ ಕಾಗದದಲ್ಲಿ ಏನು ಬರೆಯಬೇಕಾಗುತ್ತದೆ, ಊರಿನವರು ಕೇಳಿದರೆ ಏನು ಹೇಳುವುದು? ಎರಡು ಗಂಟೆ ಮೀರಿದ ಸಿನಿಮಾಕ್ಕೆ ಇದನ್ನು ನೋಡಲು ಪುರುಸೊತ್ತಾಗಿಲ್ಲ.

ಇದೇ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಕೈಗೆತ್ತಿಕೊಂಡರೆ ನಾನು ಮತ್ತೆ ಟಿಕೆಟ್ ತೆಗೆಯುತ್ತೇನೆ. 1979ರ ಆ ಪುಸ್ತಕದಿಂದ ಶುರುಮಾಡಿ, ಸುಂದರಿಯವರ ಮನೆಯೊಳಗೆ ಕೂತು, ಸರ್ಗೋಧಾದ ಕಾಳಗವನ್ನು ಕಡೆಗೆ ಇಟ್ಟು, ಅಜ್ಜಮಾಡ ದೇವಯ್ಯ ಎಂದೇ ಕರೆದು ತೆಗೆಯಲಿ.